ಎಲೆಕ್ಟ್ರಾನಿಕ್ ಉಪಕರಣ ಹೀರುವ ವಿದ್ಯುತ್ ಎಷ್ಟು? ಪೂರೈಕೆ ಪ್ರವಾಹವನ್ನು ಅಳೆಯುವ ಬಗೆ

ಮೊಬೈಲ್ ದುರಸ್ತಿ ಅಂಗಡಿಗೆ ಕೆಟ್ಟುನಿಂತ ಫೋನೊಂದು ಬಂದಾಗ ಅನುಭವಿ ತಂತ್ರಜ್ಞ ಅದರ ಬ್ಯಾಟರಿಯನ್ನು ತೆಗೆದು, ಆ ಜಾಗಕ್ಕೆ ಡಿಸಿ ಪವರ್ ಸಪ್ಲೈನ ಎರಡು ತಂತಿಗಳನ್ನು ಜೋಡಿಸುತ್ತಾನೆ. ಆಗ ಆತನ ಕಣ್ಣು ನೆಟ್ಟಿರುವುದು ಪವರ್ ಸಪ್ಲೈನ ಆಂಪಿಯರ್ ಮುಳ್ಳಿನ ಮೇಲೆ. ಫೋನಿನ ಗುಂಡಿ ಒತ್ತುವ ಮುನ್ನವೇ ಮುಳ್ಳು ಮೇಲೇರಿದರೆ ಒಳಗೆಲ್ಲೋ ಷಾರ್ಟ್ ಆಗಿದೆ ಎಂದರ್ಥ. ಗುಂಡಿ ಒತ್ತಿದರೂ ಮುಳ್ಳು ಅಲುಗದಿದ್ದರೆ ವಿದ್ಯುತ್ ಒಳಗೆ ಹರಿಯುತ್ತಲೇ ಇಲ್ಲ. ಸ್ವಲ್ಪ ಏರಿ, ಅಲ್ಲಿಯೇ ನಿಂತುಬಿಟ್ಟರೆ ಫೋನ್ ಏಳಲು ಯತ್ನಿಸಿ ಅರ್ಧದಲ್ಲಿ ಸೋಲುತ್ತಿದೆ. ವೈದ್ಯರು ರೋಗಿಯ ನಾಡಿ ಹಿಡಿಯುವಂತೆ ಎಲೆಕ್ಟ್ರಾನಿಕ್ಸ್ ಕ್ಷೇತ್ರದವರು ಮೊದಲು ನೋಡುವುದು ಈ ಪ್ರವಾಹವನ್ನೇ.

ಯಾವುದೇ ವಿದ್ಯುನ್ಮಂಡಲ, ಅಂದರೆ ಸರ್ಕ್ಯೂಟ್, ತಾನು ಕೆಲಸ ಮಾಡಲು ಬ್ಯಾಟರಿಯಿಂದ ಅಥವಾ ಪವರ್ ಸಪ್ಲೈನಿಂದ ಪಡೆಯುವ ಒಟ್ಟು ವಿದ್ಯುತ್ ಪ್ರವಾಹವನ್ನು ‘ಪೂರೈಕೆ ಪ್ರವಾಹ’ ಎನ್ನಬಹುದು. ಇದರ ಅಳತೆ ಸುಲಭವೆಂದು ತೋರುತ್ತದೆ. ಆದರೆ ಅಳೆಯುವ ಉಪಕರಣವೇ ಮಂಡಲದ ಒಂದು ಭಾಗವಾಗಿ ಸೇರಿಕೊಂಡು ಅಳತೆಯನ್ನು ಕೆಡಿಸುವ ಸಂಭವ ಇಲ್ಲಿದೆ. ಮೀಟರ್ ತೋರಿಸಿದ ಅಂಕಿಯನ್ನು ನಂಬುವ ಮುನ್ನ ಮೀಟರಿನ ಸ್ವಭಾವವನ್ನು ಅರಿಯುವುದು ಅಗತ್ಯ.

ಅಳತೆ ಏಕೆ ಬೇಕು?

ಮೊದಲ ಕಾರಣ ಬ್ಯಾಟರಿಯ ಬಾಳಿಕೆ. ಹೃದಯದ ಬಡಿತವನ್ನು ಕ್ರಮದಲ್ಲಿಡಲು ದೇಹದೊಳಗೆ ಅಳವಡಿಸುವ ಪೇಸ್‌ಮೇಕರನ್ನು ಉದಾಹರಣೆಯಾಗಿ ನೋಡಬಹುದು. 1 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿ 10 ವರ್ಷ, ಅಂದರೆ ಸುಮಾರು 87,600 ಗಂಟೆ ಬಾಳಬೇಕಾದರೆ, ಮಂಡಲ ಬಳಸುವ ಸರಾಸರಿ ಪ್ರವಾಹ 11.4 ಮೈಕ್ರೋಆಂಪಿಯರನ್ನು ಮೀರುವಂತಿಲ್ಲ. ಒಂದು ಮೈಕ್ರೋಆಂಪಿಯರ್ ಎಂದರೆ ಆಂಪಿಯರಿನ ಹತ್ತು ಲಕ್ಷದ ಒಂದು ಭಾಗ. ಲೆಕ್ಕ ತಪ್ಪಿ ಬಳಕೆ ಇನ್ನೊಂದು 11.4 ಮೈಕ್ರೋಆಂಪಿಯರಿನಷ್ಟು ಹೆಚ್ಚಾದರೂ ಬಾಳಿಕೆ ಅರ್ಧಕ್ಕಿಳಿಯುತ್ತದೆ, ರೋಗಿ ಮತ್ತೊಂದು ಶಸ್ತ್ರಚಿಕಿತ್ಸೆಗೆ ಬೇಗನೆ ಒಳಗಾಗಬೇಕಾಗುತ್ತದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಹಾಗೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ತಯಾರಿಸುವ ವಿದ್ಯುನ್ಮಾನ ಮತಯಂತ್ರಗಳೂ ಬ್ಯಾಟರಿಯಿಂದಲೇ ನಡೆಯುತ್ತವೆ. ವಿದ್ಯುತ್ ಸಂಪರ್ಕವಿಲ್ಲದ ಮತಗಟ್ಟೆಯಲ್ಲೂ ಅವು ಕೆಲಸ ಮಾಡಬೇಕು. ಇಂಥ ಯಂತ್ರಗಳ ವಿನ್ಯಾಸದಲ್ಲಿ ಪ್ರವಾಹದ ಲೆಕ್ಕ ಅಂದಾಜಿನ ಮೇಲೆ ನಡೆಯುವಂತಿಲ್ಲ.

ಎರಡನೆಯ ಕಾರಣ ದೋಷ ಪತ್ತೆ. ಹೊಸದಾಗಿ ಜೋಡಿಸಿದ ಮಂಡಲ ನಿರೀಕ್ಷೆಗಿಂತ ಬಹಳ ಹೆಚ್ಚು ಪ್ರವಾಹ ಎಳೆದರೆ ಯಾವುದೋ ಬಿಡಿಭಾಗ ತಿರುಗುಮುರುಗಾಗಿದೆ ಅಥವಾ ಬೆಸುಗೆ ಹರಡಿ ಎರಡು ಬಿಂದುಗಳು ಕೂಡಿಕೊಂಡಿವೆ ಎಂದು ಊಹಿಸಬಹುದು. ಮೂರನೆಯ ಕಾರಣ, ಪವರ್ ಸಪ್ಲೈ, ಫ್ಯೂಸ್ ಮತ್ತು ತಂತಿಗಳ ಸಾಮರ್ಥ್ಯವನ್ನು ನಿಗದಿಪಡಿಸಲು ಈ ಅಂಕಿಯೇ ಆಧಾರ.

ನೀರಿನ ಮೀಟರಿನ ಹೋಲಿಕೆ

ವಿದ್ಯುತ್ತಿನ ಒತ್ತಡಕ್ಕೆ ವೋಲ್ಟೇಜ್ ಅಥವಾ ವಿಭವಾಂತರವೆಂದೂ ಹರಿವಿಗೆ ಪ್ರವಾಹವೆಂದೂ ಹೆಸರು. ಪ್ರವಾಹದ ಮಾನ ಆಂಪಿಯರ್. ಫ್ರಾನ್ಸಿನ ವಿಜ್ಞಾನಿ ಆಂದ್ರೆ ಮರಿ ಆಂಪಿಯರ್ ಅವರ ಗೌರವಾರ್ಥ ಈ ಹೆಸರನ್ನು 1881ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಅಂಗೀಕರಿಸಲಾಯಿತು. 2019ರ ಮೇ 20ರಿಂದ ಆಂಪಿಯರನ್ನು ಎಲೆಕ್ಟ್ರಾನಿನ ವಿದ್ಯುದಂಶದ ನಿಶ್ಚಿತ ಮೌಲ್ಯದ ಆಧಾರದ ಮೇಲೆ ವ್ಯಾಖ್ಯಾನಿಸಲಾಗಿದೆ.

ಕೊಳವೆಯಲ್ಲಿ ನೀರಿನ ಒತ್ತಡವನ್ನು ತಿಳಿಯಲು ಪಕ್ಕದಲ್ಲೊಂದು ರಂಧ್ರ ಕೊರೆದು ಒತ್ತಡಮಾಪಕವನ್ನು ಜೋಡಿಸಿದರೆ ಸಾಕು. ಹರಿವನ್ನು ತಿಳಿಯಬೇಕಾದರೆ ಕೊಳವೆಯನ್ನೇ ಕತ್ತರಿಸಿ, ನಡುವೆ ಮೀಟರ್ ಕೂರಿಸಿ, ಎಲ್ಲ ನೀರೂ ಅದರ ಮೂಲಕವೇ ಹಾಯುವಂತೆ ಮಾಡಬೇಕು. ವಿದ್ಯುತ್ತಿನಲ್ಲೂ ಹೀಗೆಯೇ. ವೋಲ್ಟ್‌ಮೀಟರನ್ನು ಎರಡು ಬಿಂದುಗಳ ನಡುವೆ ಸಮಾಂತರವಾಗಿ ಜೋಡಿಸಲಾಗುತ್ತದೆ. ಅಮ್ಮೀಟರನ್ನು ದಾರಿ ತುಂಡರಿಸಿ ಸರಣಿಯಲ್ಲಿ ಜೋಡಿಸಲಾಗುತ್ತದೆ. ನೀರಿನ ಮೀಟರು ಹರಿವಿಗೆ ಅಲ್ಪ ಅಡ್ಡಿಯನ್ನು ಒಡ್ಡುವಂತೆ ಅಮ್ಮೀಟರು ಕೂಡ ತನ್ನದೇ ಆದ ರೋಧವನ್ನು ಮಂಡಲಕ್ಕೆ ಸೇರಿಸುತ್ತದೆ.

ಮಲ್ಟಿಮೀಟರ್ ಬಳಸುವ ಕ್ರಮ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳಲ್ಲಿ ಅಗ್ಗದ ಡಿಜಿಟಲ್ ಮಲ್ಟಿಮೀಟರುಗಳು ಸುಲಭವಾಗಿ ದೊರೆಯುತ್ತವೆ. ಬ್ಯಾಟರಿಯಿಂದ ನಡೆಯುವ ಸಣ್ಣ ಮಂಡಲದ ಪ್ರವಾಹವನ್ನು ಇವುಗಳಿಂದ ಅಳೆಯುವ ಕ್ರಮ ಹೀಗಿದೆ:

1. ಮಂಡಲದ ವಿದ್ಯುತ್ತನ್ನು ಮೊದಲು ನಿಲ್ಲಿಸಿ.

2. ಮೀಟರಿನ ಕಪ್ಪು ತಂತಿ ‘ಕಾಮನ್’ ರಂಧ್ರದಲ್ಲಿರಲಿ. ಕೆಂಪು ತಂತಿಯನ್ನು ವೋಲ್ಟೇಜ್ ರಂಧ್ರದಿಂದ ತೆಗೆದು ಪ್ರವಾಹದ ರಂಧ್ರಕ್ಕೆ ಹಾಕಿ. ಪ್ರವಾಹ ಎಷ್ಟಿರಬಹುದೆಂದು ತಿಳಿಯದಿದ್ದರೆ 10 ಆಂಪಿಯರ್ ರಂಧ್ರದಿಂದಲೇ ಆರಂಭಿಸಿ. ಕೆಲವು ಅಗ್ಗದ ಮೀಟರುಗಳಲ್ಲಿ 200 ಮಿಲಿಆಂಪಿಯರ್ ವರೆಗಿನ ಪ್ರವಾಹಕ್ಕೂ ವೋಲ್ಟೇಜಿಗೂ ಒಂದೇ ರಂಧ್ರವಿರುತ್ತದೆ. ಅಲ್ಲಿ ತಿರುಗುಗುಂಡಿಯ ಸ್ಥಾನವೇ ಮುಖ್ಯ.

3. ಬ್ಯಾಟರಿಯ ಧನ ತುದಿಯಿಂದ ಮಂಡಲಕ್ಕೆ ಹೋಗುವ ತಂತಿಯನ್ನು ಬಿಡಿಸಿ. ಬ್ಯಾಟರಿಯ ಧನ ತುದಿಗೆ ಕೆಂಪು ತಂತಿ, ಮಂಡಲದ ಧನ ತುದಿಗೆ ಕಪ್ಪು ತಂತಿ ಜೋಡಿಸಿ.

4. ವಿದ್ಯುತ್ ಹರಿಸಿ ಅಂಕಿಯನ್ನು ಗಮನಿಸಿ. ಬಳಿಕ ಅಗತ್ಯವಿದ್ದಂತೆ ಕೆಳಗಿನ ಮಿತಿಗೆ ಇಳಿಯಿರಿ. ಪ್ರತಿ ಬದಲಾವಣೆಗೂ ಮುನ್ನ ವಿದ್ಯುತ್ ನಿಲ್ಲಿಸುವುದು ಒಳ್ಳೆಯ ಅಭ್ಯಾಸ.

5. ಅಳತೆ ಮುಗಿದ ಕೂಡಲೇ ಕೆಂಪು ತಂತಿಯನ್ನು ವೋಲ್ಟೇಜ್ ರಂಧ್ರಕ್ಕೆ, ಗುಂಡಿಯನ್ನು ವೋಲ್ಟೇಜ್ ಸ್ಥಾನಕ್ಕೆ ಮರಳಿಸಿ.

ಐದನೆಯ ಹೆಜ್ಜೆಯನ್ನು ಮರೆಯುವವರೇ ಹೆಚ್ಚು. ಪ್ರವಾಹದ ಸ್ಥಿತಿಯಲ್ಲಿರುವ ಮೀಟರಿನ ರೋಧ ತೀರಾ ಕಡಿಮೆ. ಆ ಸ್ಥಿತಿಯಲ್ಲಿಯೇ ವೋಲ್ಟೇಜ್ ನೋಡಲೆಂದು ಅದನ್ನು ಬ್ಯಾಟರಿಯ ಎರಡು ತುದಿಗಳಿಗೆ ತಾಗಿಸಿದರೆ ನೇರವಾಗಿ ಷಾರ್ಟ್ ಮಾಡಿದಂತೆಯೇ ಸರಿ. ಸಣ್ಣ ಸೆಲ್ ಆದರೆ ಮೀಟರಿನ ಫ್ಯೂಸ್ ಹೋಗಬಹುದು. ವಾಹನದ ಬ್ಯಾಟರಿ ಅಥವಾ ಲಿಥಿಯಂ ಬ್ಯಾಟರಿಯಾದರೆ ತಂತಿ ಕರಗುವ, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅಗ್ಗದ ಅನೇಕ ಮೀಟರುಗಳ 10 ಆಂಪಿಯರ್ ರಂಧ್ರಕ್ಕೆ ಫ್ಯೂಸ್ ರಕ್ಷಣೆಯೇ ಇರುವುದಿಲ್ಲ. ಮನೆಯ 230 ವೋಲ್ಟ್ ವಿದ್ಯುತ್ತಿನಲ್ಲಿ ಇಂಥ ಮೀಟರನ್ನು ಸರಣಿಯಲ್ಲಿ ಜೋಡಿಸುವ ಸಾಹಸಕ್ಕೆ ಯಾರೂ ಕೈಹಾಕಬಾರದು.

ಮೀಟರ್ ಹೊರಿಸುವ ಹೊರೆ

ಡಿಜಿಟಲ್ ಮಲ್ಟಿಮೀಟರ್ ನಿಜವಾಗಿ ಅಳೆಯುವುದು ವೋಲ್ಟೇಜನ್ನು ಮಾತ್ರ. ಪ್ರವಾಹವನ್ನು ತಿಳಿಯಲು ಅದು ತನ್ನೊಳಗಿನ ಒಂದು ನಿಖರ ರೋಧಕದ ಮೂಲಕ ಪ್ರವಾಹವನ್ನು ಹಾಯಿಸಿ, ಆ ರೋಧಕದ ಎರಡು ತುದಿಗಳ ನಡುವೆ ಉಂಟಾಗುವ ವೋಲ್ಟೇಜನ್ನು ನೋಡುತ್ತದೆ. ಈ ರೋಧಕಕ್ಕೆ ‘ಷಂಟ್’ ಎಂದು ಹೆಸರು. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟೇಜ್ ದೊರೆಯುತ್ತದೆ.

ಸಾಮಾನ್ಯ ಅಗ್ಗದ ಮೀಟರು ಪ್ರತಿ ಮಿತಿಯಲ್ಲೂ ಗರಿಷ್ಠ 200 ಮಿಲಿವೋಲ್ಟ್ ಅಳೆಯುವಂತೆ ರಚಿತವಾಗಿರುತ್ತದೆ. ಹೀಗಾಗಿ 200 ಮಿಲಿಆಂಪಿಯರ್ ಮಿತಿಯಲ್ಲಿ ಷಂಟ್ 1 ಓಮ್, 20 ಮಿಲಿಆಂಪಿಯರ್ ಮಿತಿಯಲ್ಲಿ 10 ಓಮ್, 2 ಮಿಲಿಆಂಪಿಯರ್ ಮಿತಿಯಲ್ಲಿ 100 ಓಮ್, 200 ಮೈಕ್ರೋಆಂಪಿಯರ್ ಮಿತಿಯಲ್ಲಿ 1,000 ಓಮ್ ಇರುತ್ತದೆ. ಫ್ಯೂಸ್ ಮತ್ತು ತಂತಿಗಳ ರೋಧ ಇದಕ್ಕೆ ಹೆಚ್ಚುವರಿ. ಚಿಕ್ಕ ಪ್ರವಾಹವನ್ನು ಅಳೆಯಹೊರಟಷ್ಟೂ ಮೀಟರು ಒಡ್ಡುವ ಅಡ್ಡಿ ಹೆಚ್ಚುತ್ತದೆ. ಮೀಟರಿನಲ್ಲಿ ಹೀಗೆ ನಷ್ಟವಾಗುವ ವೋಲ್ಟೇಜನ್ನು ‘ಹೊರೆ ವೋಲ್ಟೇಜ್’ ಎನ್ನಬಹುದು.

230 ವೋಲ್ಟ್ ಉಪಕರಣಕ್ಕೆ 0.2 ವೋಲ್ಟ್ ನಷ್ಟ ಲೆಕ್ಕಕ್ಕೇ ಬಾರದು. 3 ವೋಲ್ಟ್ ಬ್ಯಾಟರಿಯ ಮಂಡಲಕ್ಕೆ ಅದು ಗಣನೀಯ. ನಿದ್ರಿಸುತ್ತಿದ್ದ ಮಂಡಲವೊಂದು ಕ್ಷಣಕಾಲ ಎಚ್ಚೆತ್ತು 20 ಮಿಲಿಆಂಪಿಯರ್ ಕೇಳಿತು ಎನ್ನೋಣ. ಆಗ ಮೀಟರು 100 ಓಮ್ ಷಂಟ್ ಇರುವ ಮಿತಿಯಲ್ಲಿದ್ದರೆ ನಿಯಮದ ಪ್ರಕಾರ ಷಂಟ್‌ನಲ್ಲಿಯೇ 2 ವೋಲ್ಟ್ ಕಳೆದುಹೋಗಬೇಕು. ಉಳಿದ 1 ವೋಲ್ಟಿನಲ್ಲಿ ಮೈಕ್ರೋಕಂಟ್ರೋಲರ್ ಚಿಪ್ ನಡೆಯಲಾರದು. ಅದು ನಿಂತು, ಮತ್ತೆ ಆರಂಭವಾಗಿ, ಮತ್ತೆ ನಿಲ್ಲುತ್ತದೆ. ಮೀಟರ್ ಆಗ ತೋರಿಸುವ ಅಂಕಿ ಈ ತೊಳಲಾಟದ ಅಂಕಿಯೇ ಹೊರತು ಮಂಡಲದ ನಿಜವಾದ ಬಳಕೆಯದ್ದಲ್ಲ.

ತಪ್ಪು ಒಂದೇ ದಿಕ್ಕಿನಲ್ಲಿರುತ್ತದೆ ಎಂದೂ ಹೇಳಲಾಗದು. ಸಾಮಾನ್ಯ ರೋಧಕ, ಎಲ್‌ಇಡಿಗಳಿಂದ ಕೂಡಿದ ಮಂಡಲವಾದರೆ ವೋಲ್ಟೇಜ್ ಇಳಿದಂತೆ ಪ್ರವಾಹವೂ ಇಳಿಯುತ್ತದೆ. ಸ್ವಿಚಿಂಗ್ ರೆಗ್ಯುಲೇಟರ್ ಬಳಸುವ ಮಂಡಲವು ಅಷ್ಟೇ ಶಕ್ತಿಯನ್ನು ಪಡೆಯಲು ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ.

ಇದನ್ನು ಪತ್ತೆಹಚ್ಚಲು ಎರಡು ಸರಳ ಉಪಾಯಗಳಿವೆ. ಒಂದೇ ಪ್ರವಾಹವನ್ನು ಎರಡು ಮಿತಿಗಳಲ್ಲಿ ಅಳೆದು ನೋಡುವುದು ಮೊದಲನೆಯದು. ಎರಡರ ಅಂಕಿ ಗಮನಾರ್ಹವಾಗಿ ಬೇರೆಯಾದರೆ ಮೀಟರಿನ ಹೊರೆ ಪರಿಣಾಮ ಬೀರುತ್ತಿದೆ. ಇನ್ನೊಂದು ಮೀಟರಿನಿಂದ ಮಂಡಲದ ತುದಿಗಳಲ್ಲಿ ನಿಜಕ್ಕೂ ಎಷ್ಟು ವೋಲ್ಟೇಜ್ ತಲುಪುತ್ತಿದೆ ಎಂದು ಅದೇ ಹೊತ್ತಿಗೆ ನೋಡುವುದು ಎರಡನೆಯದು. ಮಂಡಲ ಏಳುವ ಹೊತ್ತಿನಲ್ಲಿ ಮೀಟರಿನ ಎರಡು ತುದಿಗಳನ್ನು ಒಂದು ಸ್ವಿಚ್ಚಿನಿಂದ ಕೂಡಿಸಿಟ್ಟು, ಅದು ನಿದ್ರಾಸ್ಥಿತಿಗೆ ಜಾರಿದ ಬಳಿಕ ಸ್ವಿಚ್ ತೆರೆದು ಅಳೆಯುವ ರೂಢಿಯೂ ಇದೆ. ಆಸ್ಟ್ರೇಲಿಯಾದ ಇಂಜಿನಿಯರ್ ಡೇವ್ ಜೋನ್ಸ್ ಇದೇ ಸಮಸ್ಯೆಗೆ ಪರಿಹಾರವಾಗಿ, ಅತಿ ಚಿಕ್ಕ ಷಂಟ್ ಬಳಸಿ ಅದರ ವೋಲ್ಟೇಜನ್ನು ಹಿಗ್ಗಿಸಿ ಮಲ್ಟಿಮೀಟರಿಗೆ ಒದಗಿಸುವ ‘ಮೈಕ್ರೋಕರೆಂಟ್’ ಎಂಬ ಪುಟ್ಟ ಸಾಧನವನ್ನು ರೂಪಿಸಿ, 2009ರಲ್ಲಿ ‘ಸಿಲಿಕಾನ್ ಚಿಪ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಪ್ರತ್ಯೇಕ ಷಂಟ್ ವಿಧಾನ

ಮೀಟರಿನೊಳಗಿನ ಷಂಟ್ ಬದಲು ನಾವೇ ಒಂದು ರೋಧಕವನ್ನು ಸರಣಿಯಲ್ಲಿಟ್ಟು ಅದರ ವೋಲ್ಟೇಜನ್ನು ಅಳೆಯಬಹುದು. 1 ಓಮ್ ರೋಧಕವಾದರೆ ಲೆಕ್ಕ ಬಲು ಸುಲಭ: ಪ್ರತಿ ಮಿಲಿವೋಲ್ಟಿಗೆ ಒಂದು ಮಿಲಿಆಂಪಿಯರ್. ಶೇ. 1ರಷ್ಟು ನಿಖರತೆಯ ರೋಧಕಗಳು ಸಾಮಾನ್ಯ ಅಂಗಡಿಗಳಲ್ಲಿಯೇ ಸಿಗುತ್ತವೆ. ಪ್ರವಾಹದಿಂದ ರೋಧಕ ಬಿಸಿಯಾದರೆ ಅದರ ಮೌಲ್ಯವೇ ಬದಲಾಗುವುದರಿಂದ ಸಾಕಷ್ಟು ವ್ಯಾಟ್ ಸಾಮರ್ಥ್ಯದ್ದನ್ನು ಆರಿಸಬೇಕು. ನಿಖರ ಷಂಟ್‌ಗಳಿಗೆ ಬಳಸುವ ಮ್ಯಾಂಗನಿನ್ ಎಂಬ ಮಿಶ್ರಲೋಹದ ಹಿರಿಮೆ ಇರುವುದು ಇದರಲ್ಲಿಯೇ: ಉಷ್ಣತೆ ಏರಿಳಿದರೂ ಅದರ ರೋಧ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ.

ವೋಲ್ಟ್‌ಮೀಟರಿನ ತಂತಿಗಳನ್ನು ರೋಧಕದ ದೇಹಕ್ಕೆ ತೀರಾ ಸಮೀಪದಲ್ಲಿ ಜೋಡಿಸಬೇಕು. ದೂರದಲ್ಲಿ ಜೋಡಿಸಿದರೆ ನಡುವಿನ ತಂತಿ ಮತ್ತು ಬೆಸುಗೆಯ ರೋಧವೂ ಲೆಕ್ಕದಲ್ಲಿ ನುಸುಳುತ್ತದೆ. ಪ್ರವಾಹಕ್ಕೆ ಎರಡು, ಅಳತೆಗೆ ಬೇರೆ ಎರಡು ತಂತಿಗಳನ್ನು ಬಳಸುವ ಈ ಪದ್ಧತಿ ಲಾರ್ಡ್ ಕೆಲ್ವಿನ್ ಹೆಸರಿನಿಂದ ‘ಕೆಲ್ವಿನ್ ಜೋಡಣೆ’ ಎಂದು ಪ್ರಸಿದ್ಧವಾಗಿದೆ.

ಷಂಟನ್ನು ಧನ ದಾರಿಯಲ್ಲಿಡಬೇಕೇ, ಋಣ ದಾರಿಯಲ್ಲಿಡಬೇಕೇ ಎಂಬ ಪ್ರಶ್ನೆಯೂ ಏಳುತ್ತದೆ. ಋಣ ದಾರಿಯಲ್ಲಿಟ್ಟರೆ ಅಳೆಯುವುದು ಸುಲಭ. ಆದರೆ ಮಂಡಲಕ್ಕೆ ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರ್ ಸೇರಿಕೊಂಡಿದ್ದರೆ ಪ್ರವಾಹದ ಒಂದು ಪಾಲು ಷಂಟನ್ನು ತಪ್ಪಿಸಿ ಕೇಬಲ್ ಮೂಲಕವೇ ಹಿಂದಿರುಗುವ ಸಾಧ್ಯತೆ ಇದೆ. ಆದ್ದರಿಂದ ಅಳತೆಯ ವೇಳೆ ಕಂಪ್ಯೂಟರ್, ಪ್ರೋಗ್ರಾಮರ್ ಮುಂತಾದ ಹೊರಗಿನ ಸಂಪರ್ಕಗಳನ್ನೆಲ್ಲ ಕಳಚಿಡುವುದು ಉತ್ತಮ.

ಬಿಡಿ ಅಂಕಿಗಿಂತ ಸರಾಸರಿ ಮುಖ್ಯ

ಇಂದಿನ ಬ್ಯಾಟರಿಚಾಲಿತ ಉಪಕರಣಗಳು ಬಹುಪಾಲು ಹೊತ್ತು ನಿದ್ರಿಸುತ್ತವೆ. ನಿಗದಿತ ಅವಧಿಗೊಮ್ಮೆ ಎಚ್ಚೆತ್ತು ಕೆಲಸ ಮುಗಿಸಿ ಮತ್ತೆ ಮಲಗುತ್ತವೆ. 10 ನಿಮಿಷಕ್ಕೊಮ್ಮೆ 2 ಸೆಕೆಂಡು ಎಚ್ಚೆತ್ತು 20 ಮಿಲಿಆಂಪಿಯರ್ ಬಳಸುವ, ಉಳಿದ ಹೊತ್ತು 10 ಮೈಕ್ರೋಆಂಪಿಯರ್‌ನಲ್ಲಿ ನಿದ್ರಿಸುವ ಉಷ್ಣತಾಮಾಪಕವೊಂದನ್ನು ಗಮನಿಸೋಣ. ಎಚ್ಚರದ ಪಾಲು ಸರಾಸರಿ 67 ಮೈಕ್ರೋಆಂಪಿಯರ್, ನಿದ್ರೆಯ ಪಾಲು 10. ಒಟ್ಟು ಸುಮಾರು 77 ಮೈಕ್ರೋಆಂಪಿಯರ್. 2,000 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಎಎ ಸೆಲ್‌ಗಳು ಇದನ್ನು ಲೆಕ್ಕದ ಪ್ರಕಾರ ಸುಮಾರು 26,000 ಗಂಟೆ, ಅಂದರೆ ಮೂರು ವರ್ಷದಷ್ಟು ಕಾಲ ನಡೆಸಬಲ್ಲವು.

ಈಗ ಅದೇ ಮಂಡಲದಲ್ಲಿ ಸದಾ ಮಂದವಾಗಿ ಬೆಳಗುವ ಸೂಚಕ ಎಲ್‌ಇಡಿಯೊಂದು ಉಳಿದುಕೊಂಡು, ನಿದ್ರೆಯ ಪ್ರವಾಹ 500 ಮೈಕ್ರೋಆಂಪಿಯರ್ ಆಗಿದೆ ಎನ್ನೋಣ. ಸರಾಸರಿ 567 ಮೈಕ್ರೋಆಂಪಿಯರಿಗೆ ಏರುತ್ತದೆ, ಸೆಲ್‌ಗಳು ಐದು ತಿಂಗಳಿಗೇ ಬರಿದಾಗುತ್ತವೆ. ಎಚ್ಚರದಲ್ಲಿನ 20 ಮಿಲಿಆಂಪಿಯರನ್ನಷ್ಟೇ ನೋಡಿದವರಿಗೆ ಈ ಅರ್ಧ ಮಿಲಿಆಂಪಿಯರ್ ಕಣ್ಣಿಗೇ ಬೀಳದು. ಜನಪ್ರಿಯ 7805 ರೆಗ್ಯುಲೇಟರ್ ಏನೂ ಕೆಲಸವಿಲ್ಲದಾಗಲೂ ತನಗಾಗಿಯೇ ಸುಮಾರು 5 ಮಿಲಿಆಂಪಿಯರ್ ಬಳಸುತ್ತದೆ. ದಿನಕ್ಕೆ ಅದು 120 ಮಿಲಿಆಂಪಿಯರ್-ಗಂಟೆ. 500 ಮಿಲಿಆಂಪಿಯರ್-ಗಂಟೆಯ 9 ವೋಲ್ಟ್ ಬ್ಯಾಟರಿ ನಾಲ್ಕೇ ದಿನಗಳಲ್ಲಿ ಖಾಲಿ. ಹನಿಹನಿ ಕೂಡಿ ಹಳ್ಳವಾಗುವಂತೆ ಹನಿಹನಿ ಸೋರಿಯೇ ಬ್ಯಾಟರಿ ಬರಿದಾಗುತ್ತದೆ.

ಸಾಮಾನ್ಯ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಬಾರಿ ಮಾತ್ರ ಅಂಕಿ ಬದಲಿಸುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುವ ಏರಿಳಿತಗಳನ್ನು ಅದು ತೋರಿಸಲಾರದು. ಇವುಗಳನ್ನು ನೋಡಲು ಷಂಟ್‌ಗೆ ಆಸಿಲೋಸ್ಕೋಪ್ ಜೋಡಿಸಬೇಕಾಗುತ್ತದೆ. ಆಸಿಲೋಸ್ಕೋಪಿನ ಅರ್ತ್ ಕ್ಲಿಪ್ ಸಾಮಾನ್ಯವಾಗಿ ಗೋಡೆಯ ಪ್ಲಗ್ಗಿನ ಅರ್ತಿಂಗ್‌ಗೆ ಕೂಡಿಕೊಂಡಿರುವುದರಿಂದ ಅದನ್ನು ಎಲ್ಲೆಂದರಲ್ಲಿ ಸಿಕ್ಕಿಸಿದರೆ ಷಾರ್ಟ್ ಆಗಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಐಎನ್‌ಎ219ನಂಥ ಚಿಪ್‌ಗಳು ಷಂಟ್‌ನ ವೋಲ್ಟೇಜನ್ನು ಅಳೆದು ಅಂಕಿಗಳನ್ನು ನೇರವಾಗಿ ಮೈಕ್ರೋಕಂಟ್ರೋಲರಿಗೆ ಕಳಿಸುತ್ತವೆ. ದೀರ್ಘಕಾಲ ಪ್ರವಾಹವನ್ನು ದಾಖಲಿಸಿಕೊಳ್ಳಲು ಇವು ಅನುಕೂಲಕರ.

ಮೀಟರಿಲ್ಲದೆಯೂ ಅಳತೆ

ನಿದ್ರಾಸ್ಥಿತಿಯ ಅತ್ಯಲ್ಪ ಪ್ರವಾಹವನ್ನು ತಿಳಿಯಲು ಕೆಪಾಸಿಟರ್ ಬಳಸುವ ಜಾಣ ವಿಧಾನವೊಂದಿದೆ. ಮಂಡಲಕ್ಕೆ ಸಮಾಂತರವಾಗಿ ದೊಡ್ಡ ಕೆಪಾಸಿಟರೊಂದನ್ನು ಜೋಡಿಸಿ, ಅದನ್ನು ತುಂಬಿಸಿ, ಬಳಿಕ ಬ್ಯಾಟರಿಯನ್ನು ಬೇರ್ಪಡಿಸಬೇಕು. ಮಂಡಲ ಕೆಪಾಸಿಟರಿನಲ್ಲಿರುವ ವಿದ್ಯುತ್ತಿನಿಂದಲೇ ನಡೆಯುತ್ತಾ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ಕೆಪಾಸಿಟರಿನ ಮೌಲ್ಯವನ್ನು ಇಳಿದ ವೋಲ್ಟೇಜಿನಿಂದ ಗುಣಿಸಿ, ತಗುಲಿದ ಸೆಕೆಂಡುಗಳಿಂದ ಭಾಗಿಸಿದರೆ ಸರಾಸರಿ ಪ್ರವಾಹ ದೊರೆಯುತ್ತದೆ. 1,000 ಮೈಕ್ರೋಫ್ಯಾರಡ್ ಕೆಪಾಸಿಟರ್ 3.3ರಿಂದ 3.0 ವೋಲ್ಟಿಗೆ ಇಳಿಯಲು 60 ಸೆಕೆಂಡು ಹಿಡಿದರೆ ಪ್ರವಾಹ 5 ಮೈಕ್ರೋಆಂಪಿಯರ್. ಮಂಡಲವಿಲ್ಲದೆ ಇದೇ ಪ್ರಯೋಗವನ್ನು ಒಮ್ಮೆ ನಡೆಸಿ, ಕೆಪಾಸಿಟರ್ ಮತ್ತು ವೋಲ್ಟ್‌ಮೀಟರುಗಳ ಸೋರಿಕೆಯನ್ನು ಕಳೆಯುವುದು ಅವಶ್ಯ.

ಎಲೆಕ್ಟ್ರಿಷಿಯನ್ನರು ‘ಟಾಂಗ್ ಟೆಸ್ಟರ್’ ಎಂದು ಕರೆಯುವ ಕ್ಲ್ಯಾಂಪ್ ಮೀಟರ್ ತಂತಿಯನ್ನು ಕತ್ತರಿಸದೆಯೇ ಅದರ ಸುತ್ತಲ ಕಾಂತಕ್ಷೇತ್ರದಿಂದ ಪ್ರವಾಹವನ್ನು ಅರಿಯುತ್ತದೆ. ಡಿಸಿ ಪ್ರವಾಹವನ್ನೂ ಅಳೆಯಬಲ್ಲ ಮಾದರಿಗಳು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ‘ಹಾಲ್ ಪರಿಣಾಮ’ವನ್ನು ಬಳಸುತ್ತವೆ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡನ್ನೂ ಒಟ್ಟಿಗೆ ಹಿಡಿದರೆ ಎರಡರ ಕಾಂತಕ್ಷೇತ್ರಗಳು ಪರಸ್ಪರ ರದ್ದಾಗಿ ಸೊನ್ನೆ ತೋರುತ್ತದೆ. ಒಂದೇ ತಂತಿಯನ್ನು ಹಿಡಿಯಬೇಕು. ಹಲವು ಆಂಪಿಯರುಗಳ ಪ್ರವಾಹಕ್ಕೆ ಇದು ಸುರಕ್ಷಿತ ವಿಧಾನ. ಮೈಕ್ರೋಆಂಪಿಯರುಗಳ ಅಳತೆಗೆ ಉಪಯೋಗವಿಲ್ಲ.

ಮನೆಯ ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳ ಸ್ಟ್ಯಾಂಡ್‌ಬೈ ಬಳಕೆಯನ್ನು ತಿಳಿಯಬಯಸುವವರು ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಬಳಸುವುದು ಕ್ಷೇಮ. ಎಸಿ ವಿದ್ಯುತ್ತಿನಲ್ಲಿ ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧವು ನಿಜವಾದ ವ್ಯಾಟ್ ಬಳಕೆಗೆ ಸಮವಾಗಿರಬೇಕೆಂದಿಲ್ಲ. ವರ್ಷವಿಡೀ ಎಡೆಬಿಡದೆ 1 ವ್ಯಾಟ್ ಬಳಸುವ ಉಪಕರಣ 8.76 ಯೂನಿಟ್ ವಿದ್ಯುತ್ ಕಬಳಿಸುತ್ತದೆ.

ಅಳತೆಗೆ ಕೂರುವ ಮುನ್ನ

ಯಾವ ವಿಧಾನವನ್ನೇ ಆರಿಸಿಕೊಂಡರೂ ಮೀಟರ್ ಹಚ್ಚುವ ಮೊದಲು, ಉತ್ತರ ಸುಮಾರು ಎಷ್ಟು ಬರಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳಬೇಕು. ಚಿಪ್ ತಯಾರಕರು ನೀಡುವ ಮಾಹಿತಿಪತ್ರದಲ್ಲಿ ಪ್ರತಿ ಬಿಡಿಭಾಗದ ಎಚ್ಚರ ಹಾಗೂ ನಿದ್ರಾಸ್ಥಿತಿಯ ಪ್ರವಾಹಗಳು ನಮೂದಾಗಿರುತ್ತವೆ. ಅವುಗಳ ಮೊತ್ತಕ್ಕೂ ಅಳತೆಗೂ ಹತ್ತಿರದ ಹೊಂದಾಣಿಕೆ ಇದ್ದರೆ ನೆಮ್ಮದಿ. ಹತ್ತು ಪಟ್ಟು ವ್ಯತ್ಯಾಸ ಕಂಡರೆ ತಪ್ಪು ಮಂಡಲದಲ್ಲಿರಬಹುದು, ಮೀಟರಿನಲ್ಲಿರಬಹುದು, ನಮ್ಮ ಲೆಕ್ಕದಲ್ಲಿಯೂ ಇರಬಹುದು. ಮೂರನ್ನೂ ಒಂದೊಂದಾಗಿ ಪರಿಶೀಲಿಸಿದ ಮೇಲೆಯೇ ಬ್ಯಾಟರಿಯ ಬಾಳಿಕೆಯ ಬಗ್ಗೆ ಮಾತು ಕೊಡುವುದು ಲೇಸು.